ಹೊಡೆಸಿಕೊಂಡವನು

ಐಲಿ ಆ ಹೂಚಕ್ರವನ್ನು ಒಮ್ಮೆ ಒದ್ದಳು. ಅದು ಚರ್ಚಿನ ಮೆಟ್ಟಿಲುಗಳ ಮೇಲಿಂದ ಉರುಳಿ ಹಿಮದ ಮೇಲೆ ಮಗುಚಿ ಬಿತ್ತು. ಅಷ್ಟಕ್ಕೆ ಅವಳಿಗೆ ಸಮಾಧಾನವಾಗಲಿಲ್ಲ. ಕೆಳಗಿಳಿದು ಬೂಟುಗಾಲಿನಿಂದ ತಂತಿಯ ಚೌಕಟ್ಟನ್ನು ಮೆಟ್ಟಿ ಹಿಡಿದು, ಕೆಂಪು ಹೂಗಳನ್ನು ಹಿಡಿಹಿಡಿಯಾಗಿ ಕಿತ್ತೆಸೆಯತೊಡಗಿದಳು. ಹೂಗಳನ್ನು ಒಂದು ಜೊತೆ ಬಾಕ್ಸಿಂಗ್ ಗ್ಲೌಸಿನ ಆಕಾರಕ್ಕೆ ಹೆಣೆದಿದ್ದರು. ಕೆಳಗೊಂದು ರೇಷ್ಮೆಪಟ್ಟಿ: ‘ನಮ್ಮ ಚಾಂಪಿಯನ್‌ಗೆ. ಕೋಲ್ಡ್ ಫೋರ್ಕ್ ರಾಜ್ಯ ವಿಶ್ವವಿದ್ಯಾಲಯ.’

“ಐಲೀ! ಒಳಗೆ ಹೆಣ ಇದೆ ಕಣೇ. ಊರವರೆಲ್ಲ ನೋಡ್ತಿದಾರೆ,” ಎಂದು ಮೆಟ್ಟಿಲ ಮೇಲಿಂದ ಸೀರಿ ಅತ್ತೆ ಕೂಗಿದಳು. ಸತ್ತ ಆರ್ವೊ ನಿಸ್ಕನೆನ್‌ನ ತಂಗಿ ಆಕೆ. ಎಪ್ಪತ್ತೊಂದು ವರ್ಷ, ಕೈಯಲ್ಲಿ ಊರುಗೋಲು.

“ನೋಡ್ಲಿ ಅತ್ತೆ. ಯಾರು ಇದನ್ನ ಕಳಿಸಿದ್ದು ಅಂತ ನಾನೂ ನೋಡ್ತೀನಿ.”

ಕಳಿಸಿದವನು ಅಲ್ಲೇ ನಿಂತಿದ್ದ. ವಿಶ್ವವಿದ್ಯಾಲಯದ ಕ್ರೀಡಾ ಕಚೇರಿಯ ಟ್ರೆಂಟ್ ಎಂಬವನು, ಮೂವತ್ತರ ಆಸುಪಾಸಿನವನು, ಹೊಸ ಕೋಟು. ಅವನ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. “ಮೇಡಂ, ನಾವು ಗೌರವ ಅಂತ...”

“ಗೌರವ! ನಮ್ಮಪ್ಪ ಬದುಕಿದ್ದಾಗ ನಿಮ್ಮ ಗೌರವಾನ ಏನು ಮಾಡಿದ ಅಂತ ನಿಮ್ಮ ಕಚೇರಿಯ ಹಳಬರನ್ನ ಕೇಳಿದ್ಯೇನಪ್ಪ?”

ಹಳಬರಿಗೆಲ್ಲ ಗೊತ್ತಿತ್ತು. ವಿಶ್ವವಿದ್ಯಾಲಯದ ದೊಡ್ಡ ಸಭಾಂಗಣದ ಹೊರಗೋಡೆಯ ಉದ್ದಕ್ಕೂ ಅಲ್ಲಿ ಓದಿ ಹೆಸರು ಮಾಡಿದವರ ಭಾವಚಿತ್ರಗಳಿವೆ. ಇಬ್ಬರು ಗವರ್ನರುಗಳು, ಒಬ್ಬ ಸೆನೆಟರ್, ಗಣಿ ಕಂಪನಿಯ ಒಡೆಯ, ಜೀವಶಾಸ್ತ್ರದ ಒಬ್ಬ ವಿಜ್ಞಾನಿ. ೧೯೮೩ರಲ್ಲಿ ಆ ಸಾಲಿಗೆ ಆರ್ವೊನ ಚಿತ್ರವನ್ನೂ ತೂಗುಹಾಕಿದರು. ಅವನು ಅದೇ ವಿಶ್ವವಿದ್ಯಾಲಯದ ಬಾಯ್ಲರ್ ಮನೆಯಲ್ಲಿ ಕೆಲಸಕ್ಕಿದ್ದವನು. ಮರುದಿನ ಊಟದ ಬಿಡುವಿನಲ್ಲಿ, ಮಸಿಮೆತ್ತಿದ ಬಟ್ಟೆಯಲ್ಲೇ ಬಂದು, ಕೈಯಲ್ಲಿದ್ದ ಪೈಪ್ ಬಿಗಿಯುವ ಪಾನಾದಿಂದ ಗಾಜನ್ನು ಒಡೆದು, ಒಳಗಿನ ಚಿತ್ರವನ್ನು ಎಳೆದು ಹರಿದ. ಹದಿನೈದು ದಿನ ಕೆಲಸದಿಂದ ಹೊರಗಿಟ್ಟರು. ಮತ್ತೆ ತೂಗುಹಾಕಿದರು. ಮತ್ತೆ ಒಡೆದ. ಮೂರನೇ ಸಲ ಒಡೆದ ಮೇಲೆ ಆ ಜಾಗವನ್ನು ಹಾಗೇ ಖಾಲಿ ಬಿಟ್ಟರು.

ಕಪ್ಪು ಕಾರೊಂದು ಬಂದು ನಿಂತಿತು. ವಿಶ್ವವಿದ್ಯಾಲಯದ ಅಧ್ಯಕ್ಷೆ ಡಾಕ್ಟರ್ ಕೆಸ್ಲರ್ ಇಳಿದರು. ಹಿಂದಿನ ಬಾಗಿಲಿನಿಂದ ಒಬ್ಬ ಮುದುಕನನ್ನು ಗಾಲಿಕುರ್ಚಿಗೆ ಇಳಿಸಿದರು. ಎಂಬತ್ತೆಂಟು ವರ್ಷದ ಲೈಮನ್ ಗುಡ್‌ಸೆಲ್. ಐವತ್ತು ವರ್ಷದ ಹಿಂದೆ ಆತ ಕ್ರೀಡಾ ನಿರ್ದೇಶಕ. ಈಗ ವ್ಯಾಯಾಮಶಾಲೆಯ ಕಟ್ಟಡಕ್ಕೆ ಆತನದೇ ಹೆಸರು.

ಅಧ್ಯಕ್ಷೆ ಐಲಿಯ ಕೈ ಹಿಡಿದುಕೊಂಡರು. “ಹೂವಿನ ವಿಷಯ ನನಗೆ ಗೊತ್ತಿರಲಿಲ್ಲ. ತಪ್ಪಾಯ್ತು. ಆದ್ರೆ ಲೈಮನ್ ಅವರು ಎರಡು ಮಾತು ಆಡ್ಬೇಕು ಅಂತ ಅಷ್ಟು ದೂರದಿಂದ ಬಂದಿದಾರೆ. ಪಾದ್ರಿಗಳು ಆಗ್ಲಿ ಅಂದಿದಾರೆ. ಐದೇ ನಿಮಿಷ.”

“ಎರಡು ಹಾಡು ಸಾಕು, ಮಾತು ಬೇಡ ಅಂದಿದ್ದ ಅಪ್ಪ.”

“ಮುದುಕರು ಪಾಪ...”

ಐಲಿ ಇಪ್ಪತ್ತೆರಡು ವರ್ಷದಿಂದ ಶಾಲಾ ಬಸ್ಸು ಓಡಿಸುವವಳು. ನಲವತ್ತು ಮಕ್ಕಳ ಗದ್ದಲವನ್ನು ಒಂದೇ ಕೂಗಿಗೆ ಅಡಗಿಸಬಲ್ಲವಳು. ಆದರೆ ಬಿಳಿಗೂದಲಿನ ಒಬ್ಬ ಮುದುಕನನ್ನು ಚಳಿಯಲ್ಲಿ ಬಾಗಿಲಲ್ಲೇ ತಡೆದು ನಿಲ್ಲಿಸಲು ಅವಳಿಗೆ ಬಾಯಿ ಬರಲಿಲ್ಲ. ಅಂಗೈಗೆ ಅಂಟಿದ್ದ ಹೂವಿನ ಕೆಂಪನ್ನು ಕೋಟಿಗೆ ಒರೆಸಿಕೊಂಡು ಒಳಗೆ ಹೋದಳು.

* * *

ಆರ್ವೊಗೆ ಆಗ ಇಪ್ಪತ್ತೊಂದು. ಹ್ಯಾಲರ್ ಗುಡ್ಡದ ಗಣಿಗೇರಿಯವನು, ಫಿನ್‌ಲ್ಯಾಂಡಿನಿಂದ ವಲಸೆ ಬಂದ ಫಿನ್ನರ ಹುಡುಗ. ಅಪ್ಪನ ಶ್ವಾಸಕೋಶದಲ್ಲಿ ಕಲ್ಲಿನ ಪುಡಿ ತುಂಬಿಕೊಂಡಿತ್ತು. ಮಗ ಗಣಿಗೆ ಇಳಿಯದೆ ಭೂಗರ್ಭಶಾಸ್ತ್ರ ಓದಲು ವಿಶ್ವವಿದ್ಯಾಲಯಕ್ಕೆ ಬಂದದ್ದು ಅವನ ಎಡಗೈಯ ವೇಗದಿಂದ, ಬಲಗೈಯ ಭಾರದಿಂದ. ಆ ಕಾಲದಲ್ಲಿ ಕಾಲೇಜುಗಳ ಬಾಕ್ಸಿಂಗ್ ಅಂದರೆ ಊರಿಗೆ ಊರೇ ಬರುತ್ತಿತ್ತು.

೧೯೫೭ರ ಮಾರ್ಚಿನ ಶನಿವಾರ, ಮಧ್ಯಾಹ್ನ ಮೂರು ಗಂಟೆ. ವ್ಯಾಯಾಮಶಾಲೆಯಲ್ಲಿ ಆರು ಸಾವಿರ ಜನ. ಮುಂದಿನ ಸಾಲಿನಲ್ಲಿ ಆಗಿನ ಅಧ್ಯಕ್ಷರು, ಅವರ ಪಕ್ಕದಲ್ಲಿ ಗವರ್ನರ್, ಗವರ್ನರ್ ಕಿವಿಯ ಹತ್ತಿರ ಬಾಗಿ ಕೂತ ಮೂವತ್ತನಾಲ್ಕರ ಲೈಮನ್ ಗುಡ್‌ಸೆಲ್. ಎದುರಾಳಿ ಪಕ್ಕದ ರಾಜ್ಯದ ವಿಶ್ವವಿದ್ಯಾಲಯದವನು, ಡೇಲ್ ಟ್ರಸ್ಕಾಟ್. ಕುರಿ ಸಾಕುವ ಮನೆಯ ಹುಡುಗ. ನಗುಮುಖ. ತೂಕ ನೋಡುವಾಗ ಆರ್ವೊನ ಬೆನ್ನು ತಟ್ಟಿ, “ನಿಮ್ಮೂರ ಕಾಫಿ ಭಾರೀ ಕೆಟ್ಟದಪ್ಪ,” ಎಂದಿದ್ದ.

ಮೊದಲೆರಡು ಸುತ್ತು ಸರಿಸಮ. ಮೂರನೆಯದರಲ್ಲಿ ಆರ್ವೊನ ಬಲಗೈ ಡೇಲ್‌ನ ಕಪಾಲಕ್ಕೆ ಬಿತ್ತು. ತಲೆಗೆ ಚರ್ಮದ ಕವಚವಿತ್ತು. ಆದರೂ ಹಸಿ ಕುಂಬಳಕಾಯಿಗೆ ಗುದ್ದಿದ ಹಾಗೆ ಒಂದು ಸದ್ದು ಬಂತು. ಡೇಲ್‌ನ ಕೈಗಳೆರಡೂ ಸೊಂಟದವರೆಗೆ ಇಳಿದವು. ಅವನು ಬೀಳಲಿಲ್ಲ. ಹಗ್ಗಕ್ಕೆ ಒರಗಿ, ಯಾರೋ ಹೆಸರು ಹಿಡಿದು ಕರೆದಂತೆ ಮೇಲೆ ನೋಡುತ್ತ ನಿಂತ. ಮೂಗಿನಿಂದ ರಕ್ತ ಗಲ್ಲಕ್ಕೆ ಇಳಿಯುತ್ತಿತ್ತು.

ಆರ್ವೊ ಒಂದು ಹೆಜ್ಜೆ ಹಿಂದೆ ಸರಿದ. ರೆಫರಿಯ ಕಡೆ ನೋಡಿದ. ರೆಫರಿ ಮುಂದಿನ ಸಾಲಿನ ಕಡೆ ನೋಡಿದ. ಅವನ ಕಣ್ಣು ಹೋದಲ್ಲಿಗೆ ಆರ್ವೊನ ಕಣ್ಣೂ ಹೋಯಿತು. ಗವರ್ನರ್ ಏನೋ ತಮಾಷೆ ಹೇಳಿದ್ದಿರಬೇಕು. ಗುಡ್‌ಸೆಲ್ ನಗುತ್ತಲೇ ರಿಂಗಿನ ಕಡೆ ತಿರುಗಿ, ನೊಣ ಓಡಿಸುವವನಂತೆ ಕೈ ಬೀಸಿದ. ನಡೀಲಿ.

ರೆಫರಿ, “ಹೂಂ, ಬಾಕ್ಸ್!” ಎಂದ. ಹಿಂದಿನಿಂದ ತರಬೇತುದಾರ ಗಂಟಲು ಹರಿಯುವಂತೆ ಕಿರುಚುತ್ತಿದ್ದ. ಆರು ಸಾವಿರ ಜನ ಕಾಲಿನಿಂದ ನೆಲ ಕುಟ್ಟುತ್ತಿದ್ದರು. ಆರ್ವೊ ಹೊಡೆದ. ಒಂದು, ಎರಡು, ಮೂರು. ಮೂರೂ ತಡೆಯಿಲ್ಲದ ಮುಖಕ್ಕೆ.

ಗಂಟೆ ಬಾರಿಸಿದ ಮೇಲೆ ಡೇಲ್ ತಾನೇ ನಡೆದು ತನ್ನ ಮೂಲೆಗೆ ಹೋದ. ಕೂತ. ನೀರು ಕೇಳಿದ. ಲೋಟ ಬರುವಷ್ಟರಲ್ಲಿ ಅವನ ತಲೆ ಭುಜದ ಮೇಲೆ ವಾಲಿತು. ಆತನನ್ನು ಹಿಂಬಾಗಿಲಿನಿಂದ ಹೊತ್ತೊಯ್ಯುವಾಗ ಇತ್ತ ಗವರ್ನರ್ ಆರ್ವೊನ ಕೈಗೆ ಬೆಳ್ಳಿಯ ಬಟ್ಟಲು ಕೊಡುತ್ತಿದ್ದರು. ಐದನೆಯ ದಿನ ಡೇಲ್ ಸತ್ತ. ಆ ಐದೂ ದಿನ ಆರ್ವೊ ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತಿದ್ದ. ಅವನನ್ನು ಯಾರೂ ಒಳಗೆ ಬಿಡಲಿಲ್ಲ.

* * *

ಚರ್ಚಿನಲ್ಲಿ ಅರವತ್ತು ಜನ ಇದ್ದರು. ಹೆಚ್ಚಿನವರು ಬಾಯ್ಲರ್ ಮನೆಯ ಹಳಬರು, ಸೀರಿ ಅತ್ತೆಯ ನೆರೆಯವರು. ಮೊದಲ ಹಾಡು ಮುಗಿಯಿತು. ಗುಡ್‌ಸೆಲ್‌ನ ಕುರ್ಚಿಯನ್ನು ಟ್ರೆಂಟ್ ಮುಂದಕ್ಕೆ ತಳ್ಳಿ, ಶವಪೆಟ್ಟಿಗೆಯ ಪಕ್ಕಕ್ಕೆ ತಂದು ನಿಲ್ಲಿಸಿದ. ಮುದುಕನ ದನಿ ಇನ್ನೂ ಗಟ್ಟಿಯಾಗಿತ್ತು.

“ನಾನು ಎಂಟು ಮಂದಿ ಅಧ್ಯಕ್ಷರನ್ನ ಕಂಡಿದೀನಿ. ನಮ್ಮಲ್ಲಿ ಓದಿ ಗವರ್ನರ್ ಆದವರನ್ನ ಕಂಡಿದೀನಿ. ಆದ್ರೆ ನಮ್ಮ ಕೋಲ್ಡ್ ಫೋರ್ಕಿನ ಕೆಚ್ಚು ಅಂದ್ರೆ ಏನು ಅಂತ ತೋರಿಸಿದ್ದು ಈ ಆರ್ವೊ. ಆ ಐವತ್ತೇಳರ ಪಂದ್ಯ! ಅಂಥ ಬಲಗೈ ಮತ್ತೆ ಹುಟ್ಟಲಿಲ್ಲ. ಆಮೇಲೆ ಆದದ್ದು ದುರದೃಷ್ಟ. ಆ ಇನ್ನೊಬ್ಬ ಹುಡುಗನದು...”

“ಹೆಸರು ಹೇಳಿ.”

ಮಾತು ಹಿಂದಿನ ಬೆಂಚಿನಿಂದ ಬಂತು. ಎಲ್ಲರೂ ತಿರುಗಿದರು. ಕುರಿತೊಗಲಿನ ಕೋಟು ತೊಟ್ಟ, ಎತ್ತರದ, ಬಿಳಿಗಡ್ಡದ ಮನುಷ್ಯ ಎದ್ದು ನಿಂತಿದ್ದ. ಅವನನ್ನು ಯಾರೂ ಕಂಡವರಲ್ಲ.

“ಏನಂದ್ರಿ?” ಎಂದ ಗುಡ್‌ಸೆಲ್.

“ಇನ್ನೊಬ್ಬ ಹುಡುಗ ಅಂದ್ರಲ್ಲ. ಅವನಿಗೆ ಒಂದು ಹೆಸರಿತ್ತು. ಹೇಳಿ.”

ಗುಡ್‌ಸೆಲ್‌ನ ತುಟಿ ಅಲುಗಿತು. ಅಧ್ಯಕ್ಷೆಯ ಕಡೆ ನೋಡಿದ, ಟ್ರೆಂಟನ ಕಡೆ ನೋಡಿದ. “ಅದು... ಡಾನ್. ಡಾನ್ ಅಂತ ಏನೋ...”

ಆ ಮನುಷ್ಯ ಬೆಂಚುಗಳ ನಡುವೆ ಮುಂದಕ್ಕೆ ಬಂದ. ಓಡಲಿಲ್ಲ. ಆದರೆ ನಡಿಗೆ ನೋಡಿದರೆ ನಿಲ್ಲುವ ಹಾಗೆ ಕಾಣಲಿಲ್ಲ. ಟ್ರೆಂಟ್ ಅಡ್ಡ ಬಂದು ಎರಡೂ ಕೈಯಿಂದ ಅವನ ಎದೆಯನ್ನು ಒತ್ತಿ ತಡೆದ. “ಸಾರ್, ಹೊರಗೆ ನಡೀರಿ.” ಬಿಳಿಗಡ್ಡದವನು ಆ ಕೈಗಳನ್ನು ಒಂದು ಸಲ ಕೊಡವಿದ. ಟ್ರೆಂಟ್ ಕೊರಳಪಟ್ಟಿಗೆ ಕೈಹಾಕಿದ. ಮರುಕ್ಷಣ ಬಿಳಿಗಡ್ಡದವನ ಮುಷ್ಟಿ ಟ್ರೆಂಟನ ಮೂಗಿನ ಮೇಲಿತ್ತು. ಟ್ರೆಂಟ್ ಬೆನ್ನಡಿಯಾಗಿ ಮೇಣದಬತ್ತಿಯ ಕಂಬದ ಮೇಲೆ ಬಿದ್ದ. ಕಂಬ ಉರುಳಿತು. ಹೆಂಗಸರು ಚೀರಿದರು. ಬಾಯ್ಲರ್ ಮನೆಯ ಸೆಸಿಲ್ ಪ್ಯಾಜೆಟ್, ಆರ್ವೊನ ಜೊತೆ ಮೂವತ್ತು ವರ್ಷ ದುಡಿದವನು, ಬೆಂಚು ದಾಟಿ ಹಿಂದಿನಿಂದ ಬಿಳಿಗಡ್ಡದವನ ಕುತ್ತಿಗೆಗೆ ತೋಳು ಬಿಗಿದ.

“ಹೆಣದ ಮುಂದೆ ಕೈ ಮಾಡ್ತೀಯೇನೋ ನಾಯಿ! ಯಾರೋ ನೀನು?”

“ಬಿಡು... ಡೇಲ್ ಟ್ರಸ್ಕಾಟ್,” ಎಂದ ಆತ, ಉಸಿರು ಸಿಕ್ಕಿಕೊಂಡು. “ಅವನ ಹೆಸರು ಡೇಲ್ ಟ್ರಸ್ಕಾಟ್. ನಾನು ಅವನ ತಮ್ಮ, ರಾಯ್ಸ್.”

ಸೆಸಿಲ್‌ನ ತೋಳು ಸಡಿಲವಾಯಿತು. ಉರುಳಿದ ಬತ್ತಿಯೊಂದು ನೆಲಹಾಸಿನ ಮೇಲೆ ಹೊಗೆಯಾಡುತ್ತಿತ್ತು. ಪಾದ್ರಿ ಅದನ್ನು ಕಾಲಿನಿಂದ ತುಳಿದರು. ಟ್ರೆಂಟ್ ಮೂಗು ಹಿಡಿದುಕೊಂಡು ಕೂತಿದ್ದ, ಬೆರಳ ಸಂದಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು.

“ಸೇಡು ತೀರಿಸ್ಕೊಳ್ಳೋಕೆ ಬಂದಿದಾನೆ,” ಎಂದು ಯಾರೋ ಹಿಂದೆ ಪಿಸುಗುಟ್ಟಿದರು.

ರಾಯ್ಸ್ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವನು ಗಾಲಿಕುರ್ಚಿಯ ಮುಂದೆ ನಿಂತಿದ್ದ. “ನಮ್ಮಣ್ಣ ಕೈ ಇಳಿಸಿ ನಿಂತಿದ್ದ. ಯಾಕೆ ಯಾರೂ ನಿಲ್ಲಿಸಲಿಲ್ಲ? ಇಷ್ಟು ವರ್ಷ ಕೇಳೋಕೆ ನೀವು ಸಿಕ್ಕಿರಲಿಲ್ಲ ನನಗೆ.”

“ಅದು ರೆಫರಿಯ ಕೆಲಸ. ರಿಂಗಿನೊಳಗೆ ಅವನೇ ದೊರೆ,” ಎಂದ ಗುಡ್‌ಸೆಲ್. ದನಿ ಈಗ ಗಟ್ಟಿಯಿರಲಿಲ್ಲ.

ಸೀರಿ ಅತ್ತೆ ಊರುಗೋಲಿನಿಂದ ನೆಲ ಕುಟ್ಟಿದಳು. “ಸುಳ್ಳು. ರೆಫರಿ ನಿಮ್ಮ ಕಡೆ ನೋಡಿದ. ನನ್ನಣ್ಣನೂ ನೋಡಿದ. ನೀವು ಕೈ ಬೀಸಿದ್ರಿ. ಸಾಯೋ ತನಕ ನನ್ನಣ್ಣನ ಕಣ್ಣಲ್ಲಿ ಆ ಕೈ ಇತ್ತು, ಲೈಮನ್.”

ಗುಡ್‌ಸೆಲ್ ತನ್ನ ತೊಡೆಯ ಮೇಲಿದ್ದ ಕೈಗಳನ್ನು ನೋಡಿಕೊಂಡ. ಸುಕ್ಕುಗಟ್ಟಿದ, ಕಲೆಬಿದ್ದ ಎರಡು ಕೈಗಳು.

“ಗವರ್ನರ್ ಬಂದಿದ್ರು,” ಎಂದ, ಮಗು ಹೇಳುವ ಹಾಗೆ. “ಅಷ್ಟು ದೂರದಿಂದ... ಅರ್ಧಕ್ಕೆ ನಿಂತ್ರೆ... ಗವರ್ನರ್ ಬಂದಿದ್ರು.”

ಅಧ್ಯಕ್ಷೆ ಕಣ್ಣು ಮುಚ್ಚಿಕೊಂಡರು. ಆಮೇಲೆ ಎದ್ದು ಬಂದು, ಯಾರನ್ನೂ ಕರೆಯದೆ, ತಾವೇ ಕುರ್ಚಿಯನ್ನು ತಿರುಗಿಸಿ ಹೊರಗೆ ತಳ್ಳಿಕೊಂಡು ಹೋದರು. ಎರಡನೆಯ ಹಾಡನ್ನು ಯಾರೂ ಸರಿಯಾಗಿ ಹಾಡಲಿಲ್ಲ.

* * *

ಐಲಿಗೆ ಹನ್ನೊಂದು ವರ್ಷವಿದ್ದಾಗ ಶಾಲೆಯಲ್ಲಿ ಒಬ್ಬ ಹುಡುಗ ಅವಳಿಗೆ “ಕೊಲೆಗಾರನ ಮಗಳು” ಎಂದಿದ್ದ. ಅವಳು ಅವನ ಮುಂದಿನ ಎರಡು ಹಲ್ಲು ಉದುರಿಸಿದಳು. ಆರ್ವೊ ಬಾಯ್ಲರ್ ಮನೆಯಿಂದ ನೇರ ಬಂದ. ಮನೆಯ ಹಿತ್ತಲಿನಲ್ಲಿ ಅವಳೆದುರು ಮೊಣಕಾಲೂರಿ ಕೂತ, ಮುಖ ಅವಳ ಎತ್ತರಕ್ಕೆ ಬರುವಂತೆ.

“ಹೊಡಿ.”

“ಯಾಕಪ್ಪಾ?”

“ಹೊಡಿ ಅಂದೆ. ಅವನಿಗೆ ಹೊಡೆದಷ್ಟೇ ಜೋರಾಗಿ.”

ಅವಳು ಮೆಲ್ಲಗೆ ತಟ್ಟಿದಳು. “ಜೋರಾಗಿ,” ಎಂದ. ಅವಳಿಗೆ ಸಿಟ್ಟು ಬಂತು. ಆ ಹುಡುಗನ ಮೇಲಿನದು, ಅಪ್ಪನ ಮೇಲಿನದು, ಎಂದೋ ಮುರಿದು ಸೊಟ್ಟಗಾದ, ಎಂದೂ ತನ್ನ ತಲೆ ಸವರದ ಅವನ ಬಲಗೈಯ ಮೇಲಿನದು. ಕೈ ಬೀಸಿ ಹೊಡೆದಳು. ಅವನ ತುಟಿ ಒಡೆಯಿತು. ಅವನು ಕಣ್ಣು ಮಿಟುಕಿಸಲಿಲ್ಲ, ಕೈ ಅಡ್ಡ ತರಲಿಲ್ಲ. ರಕ್ತ ಗಲ್ಲಕ್ಕೆ ಇಳಿಯುತ್ತಿರಲು ಅವಳನ್ನೇ ನೋಡುತ್ತ ಕೂತ. ಐಲಿ ಬಿಕ್ಕಿ ಬಿಕ್ಕಿ ಅತ್ತಳು.

“ತಿರುಗಿ ಹೊಡೆಯದೇ ಇರೋನಿಗೆ ಹೊಡೆದ್ರೆ ಹೀಗಿರತ್ತೆ,” ಎಂದು ಹೇಳಿ ಆರ್ವೊ ಎದ್ದು, ಬಾವಿಕಟ್ಟೆಯ ಬಳಿ ಮುಖ ತೊಳೆದುಕೊಂಡು ಮತ್ತೆ ಕೆಲಸಕ್ಕೆ ಹೋದ.

* * *

ಗೋರಿಗುಂಡಿ ಇನ್ನೂ ಸಿದ್ಧವಾಗಿರಲಿಲ್ಲ. ಜನವರಿಯ ನೆಲ ಕಬ್ಬಿಣವಾಗಿತ್ತು. ಮಣ್ಣು ಕರಗಲೆಂದು ಹಿಂದಿನ ದಿನದಿಂದ ಬೆಂಕಿಯ ಒಲೆಪೆಟ್ಟಿಗೆ ಇಟ್ಟು ಕಾಯಿಸಿದರೂ ಎರಡಡಿಗಿಂತ ಕೆಳಗೆ ಗುದ್ದಲಿ ಇಳಿಯುತ್ತಿಲ್ಲ ಎಂದು ಸುದ್ದಿ ಬಂತು. ಅದಕ್ಕೇ ಪಾದ್ರಿ ಊಟವನ್ನು ಮುಂಚೆಯೇ ಬಡಿಸಲು ಹೇಳಿದರು. ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಏಲಕ್ಕಿ ಬ್ರೆಡ್ಡು, ಹಂದಿಮಾಂಸ, ಆಲೂಗಡ್ಡೆ ತುಂಬಿದ ಕಡುಬು ಜೋಡಿಸಿದರು. ಕಾಫಿ ಕುದಿಯುತ್ತಿತ್ತು. ರಾಯ್ಸ್ ಒಬ್ಬನೇ ಮೂಲೆಯ ಮೇಜಿಗೆ ಕೂತಿದ್ದ. ಅವನ ಹತ್ತಿರ ಯಾರೂ ಸುಳಿಯಲಿಲ್ಲ.

ಐಲಿ ಎರಡು ಬಟ್ಟಲು ಕಾಫಿ ತಂದು ಎದುರಿಗೆ ಕೂತಳು.

“ಹೊಡೀಬೇಕು ಅಂತಲೇ ಬಂದ್ರಾ?”

“ಇಲ್ಲಮ್ಮ. ಆ ಹುಡುಗನ ಮೂಗು ಒಡೀಬಾರದಾಗಿತ್ತು. ಪತ್ರಿಕೇಲಿ ಓದ್ದೆ. ಏಳು ಗಂಟೆ ಟ್ರಕ್ ಓಡಿಸ್ಕೊಂಡು ಬಂದೆ.” ಕಾಫಿ ಕುಡಿದು ಮುಖ ಗಂಟಿಕ್ಕಿದ. “ನೀನು ಐಲಿ ಅಲ್ವಾ? ಬಸ್ಸು ಓಡಿಸ್ತೀಯಂತೆ. ಮಂಡಿ ನೋವು ಅಂತಿದ್ಯಂತೆ.”

ಐಲಿ ಬಟ್ಟಲನ್ನು ಕೆಳಗಿಟ್ಟಳು. “ನಿಮಗೆ ಯಾರು ಹೇಳಿದ್ರು?”

“ನಿಮ್ಮಪ್ಪ. ಇನ್ಯಾರು?”

“ನಮ್ಮಪ್ಪನಿಗೂ ನಿಮಗೂ ಮಾತುಕತೆ ಎಲ್ಲಿಂದ ಬಂತು?”

ರಾಯ್ಸ್ ಅವಳನ್ನು ದಿಟ್ಟಿಸಿದ. “ಪ್ರತಿ ಏಪ್ರಿಲಲ್ಲಿ ಒಂದು ವಾರ ಎಲ್ಲಿಗೆ ಹೋಗ್ತಿದ್ದ ಅಂತ ನಿಮಗೆ ಹೇಳೇ ಇಲ್ವಾ?”

“ಮೀನು ಹಿಡಿಯೋಕೆ.”

“ಮೀನು ತಂದಿದ್ದನ್ನ ಯಾವತ್ತಾದ್ರೂ ನೋಡಿದ್ಯಾ?”

ಐಲಿ ನೋಡಿರಲಿಲ್ಲ. ನೋಡಿದ್ದು ಬೇರೆ. ಚಿಕ್ಕವಳಿದ್ದಾಗ ಅಪ್ಪ ಮೀನು ಹಿಡಿದು ಬಂದನೆಂದರೆ ಕಣ್ಣು ಬಾತಿರುತ್ತಿತ್ತು, ಕೆನ್ನೆ ನೀಲಿಗಟ್ಟಿರುತ್ತಿತ್ತು. ಹೊಳೆಯ ಕಲ್ಲು ಜಾರುತ್ತವೆ ಎಂದು ಅಮ್ಮ ಹೇಳುತ್ತಿದ್ದಳು.

“ಮೊದಲ ಸಲ ಬಂದಾಗ ನನಗೆ ಹದಿನಾರು,” ಎಂದ ರಾಯ್ಸ್. “ಡೇಲ್ ಸತ್ತು ವರ್ಷ ಆಗಿತ್ತು. ಅಂಗಳದಲ್ಲಿ ಟ್ರಕ್ ನಿಲ್ಲಿಸಿ ಇಳಿದ. ಟೋಪಿ ತೆಗೆದ. ನಾನು ಆರ್ವೊ ನಿಸ್ಕನೆನ್ ಅಂದ. ನಮ್ಮಮ್ಮ ಬಾಗಿಲು ಹಾಕ್ಕೊಂಡ್ಲು. ನಾನು ಹಾಕ್ಕೊಳ್ಳಲಿಲ್ಲ. ಅವನನ್ನ ಹೊಡೆದೆ. ಕೈ ಸೋಲೋ ತನಕ ಹೊಡೆದೆ. ಬಿದ್ದ, ಎದ್ದು ನಿಂತ. ಮತ್ತೆ ಬಿದ್ದ, ಮತ್ತೆ ನಿಂತ. ಒಂದು ಸಲವೂ ಕೈ ಎತ್ತಲಿಲ್ಲ. ಸತ್ತುಹೋಗ್ತಾನೆ ಅನ್ನಿಸಿ ನಾನೇ ಬಿಟ್ಟೆ. ಟ್ರಕ್ಕಲ್ಲೇ ಮಲಗಿದ. ಬೆಳಗ್ಗೆ ನೋಡಿದ್ರೆ ನಮ್ಮ ಬೇಲಿ ರಿಪೇರಿ ಮಾಡ್ತಾ ಇದಾನೆ! ಡೇಲ್ ಇದ್ದಿದ್ರೆ ಆ ವರ್ಷ ಅವನು ಮಾಡಬೇಕಾಗಿದ್ದ ಕೆಲಸ ಅದು. ಒಂದು ವಾರ ದುಡಿದು ಹೇಳದೆ ಕೇಳದೆ ಹೋದ. ಮುಂದಿನ ವರ್ಷ ಮತ್ತೆ ಬಂದ.”

“ಮತ್ತೆ ಹೊಡೆದ್ರಾ?”

“ಹೂಂ. ಹನ್ನೆರಡು ವರ್ಷ.” ರಾಯ್ಸ್ ತಲೆಯೆತ್ತಲಿಲ್ಲ. “ಮೊದಲು ಏಟು, ಆಮೇಲೆ ಕೆಲಸ. ಹಾಗೇ ನಡೀತು. ಕೊನೆಕೊನೆಗೆ ನನಗೆ ಸಿಟ್ಟಿತ್ತೋ ಅಭ್ಯಾಸವೋ ಗೊತ್ತಿಲ್ಲ. ಒಂದು ವರ್ಷ ಪಕ್ಕೆಲುಬು ಮುರೀತು. ಒಂದು ವರ್ಷ ಕಿವಿಯಿಂದ ರಕ್ತ ಬಂತು.”

ಐಲಿ ಎದ್ದು ನಿಂತಳು. ಬಟ್ಟಲು ಮಗುಚಿ ಕಾಫಿ ಮೇಜಿನ ಮೇಲೆಲ್ಲ ಹರಿಯಿತು. “ಆ ಎಡಗಿವಿ ಅಪ್ಪನಿಗೆ ಮತ್ತೆ ಕೇಳಿಸಲೇ ಇಲ್ಲ. ಗೊತ್ತಾ ನಿಮಗೆ? ನಾನು ಕರೆದ್ರೆ ಆ ಕಡೆಯಿಂದ ಕೇಳಿಸ್ತಿರಲಿಲ್ಲ!”

“ಗೊತ್ತು. ಆಮೇಲೆ ನಾನು ಯಾವಾಗಲೂ ಅವನ ಬಲಗಡೆ ನಿಂತು ಮಾತಾಡ್ತಿದ್ದೆ.”

ಅವಳ ಮುಷ್ಟಿ ಬಿಗಿದಿತ್ತು. ರಾಯ್ಸ್ ಅದನ್ನು ನೋಡಿದ. ಮುಖ ಸರಿಸಲಿಲ್ಲ. ಐಲಿ ಮಗುಚಿದ ಬಟ್ಟಲನ್ನು ಎತ್ತಿಟ್ಟು ಮತ್ತೆ ಕೂತಳು.

“ಯಾಕೆ ನಿಲ್ಲಿಸಿದ್ರಿ?”

“ನಾನಲ್ಲ, ಅಮ್ಮ. ಎಪ್ಪತ್ತನೇ ಇಸವಿ. ಕುರಿಗಳು ಮರಿ ಹಾಕೋ ಕಾಲ. ನಾನು ಇವನನ್ನ ನೆಲಕ್ಕೆ ಕೆಡವಿದ್ದೆ. ಅಮ್ಮ ಕೊಟ್ಟಿಗೆಯಿಂದ ಬಂದವಳೇ ಸನಿಕೆ ತಿರುಗಿಸಿ ನನ್ನ ಬೆನ್ನಿಗೆ ಬಾರಿಸಿದ್ಲು. ‘ಒಳಗೆ ಮರಿ ಅಡ್ಡ ಸಿಕ್ಕೊಂಡು ಕುರಿ ಸಾಯ್ತಿದೆ, ಇಲ್ಲಿ ಗುದ್ದಾಡ್ತೀಯಾ? ನಿನ್ನ ಕೈ ದಪ್ಪ. ಇವನ ಕೈ ಬೇಕು ನನಗೆ’ ಅಂದ್ಲು. ಆರ್ವೊ ಕೊಟ್ಟಿಗೆಗೆ ಬಂದ. ಕಣ್ಣಿಗೆ ರಕ್ತ ಇಳೀತಿತ್ತು. ಆ ಸೊಟ್ಟ ಬೆರಳುಗಳಿದ್ವಲ್ಲ, ಮಡಚಿ ಒಂದರ ಮೇಲೊಂದು ಕೂತಿದ್ವು, ಸಣ್ಣ ಮಗುವಿನ ಕೈ ಹಾಗೆ. ಕುರಿಯೊಳಗೆ ಸಲೀಸಾಗಿ ಹೋಯ್ತು. ಮರಿ ತಿರುಗಿಸಿ ಎಳೆದ. ಆ ವಾರ ಹದಿನಾಲ್ಕು ಮರಿ ಉಳಿಸಿದ. ಮತ್ತೆ ನಾನು ಅವನ ಮೇಲೆ ಕೈ ಮಾಡಲಿಲ್ಲ. ಅಮ್ಮ ಸತ್ತಾಗ ಪೆಟ್ಟಿಗೆ ಹೊತ್ತವರಲ್ಲಿ ಅವನೂ ಒಬ್ಬ.”

“ಆ ಕೈ ಬಾಯ್ಲರ್ ಬಾಗಿಲಿಗೆ ಸಿಕ್ಕಿದ್ದು,” ಎಂದಳು ಐಲಿ, ಏನಾದರೂ ಹೇಳಬೇಕೆಂದು.

“ಅಲ್ಲ.” ಸೀರಿ ಅತ್ತೆ ಯಾವಾಗಲೋ ಬಂದು ಹಿಂದೆ ನಿಂತಿದ್ದಳು. ಕುರ್ಚಿ ಎಳೆದುಕೊಂಡು, ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು. “ನಿನಗೆ ಹೇಳಬಾರದು ಅಂತ ಆಣೆ ಹಾಕಿಸಿದ್ದ. ಈಗ ಯಾರು ಕೇಳ್ತಾರೆ? ಡೇಲ್ ಸತ್ತ ವರ್ಷ ಚಳಿಗಾಲದ ಮೊದಲು ಗುಡ್‌ಸೆಲ್ಲೂ ತರಬೇತುದಾರನೂ ನಮ್ಮ ಮನೆಗೆ ಬಂದ್ರು. ಆರ್ವೊ ಓದು ಬಿಟ್ಟು ಬಂದಿದ್ದ. ವಾಪಸ್ ಬಾ, ಒಂದು ಸಾವಿಗೆ ಹೆದರಬೇಡ, ಒಲಿಂಪಿಕ್ಸಿಗೆ ಕಳಿಸ್ತೀವಿ ಅಂದ್ರು. ಅಪ್ಪ ಕೆಮ್ಮುತ್ತಾ, ಹೋಗು ಮಗನೇ ಅಂದ. ಇವನು ಆಯ್ತು, ಸ್ವಲ್ಪ ಇರಿ ಅಂತ ಹೇಳಿ ನನ್ನನ್ನ ಸೌದೆ ಕೊಟ್ಟಿಗೆಗೆ ಕರಕೊಂಡು ಹೋದ. ದಿಮ್ಮಿ ಮೇಲೆ ಬಲಗೈ ಇಟ್ಟ. ಎಡಗೈಯಲ್ಲಿ ಅಪ್ಪನ ಗಣಿ ಸುತ್ತಿಗೆ.”

“ಅತ್ತೇ...”

“ಕೈ ತಾನಾಗೇ ಹಿಂದಕ್ಕೆ ಎಳ್ಕೊಳ್ತಾ ಇತ್ತು ಕಣೇ. ಎರಡು ಸಲ ದಿಮ್ಮಿಗೇ ಏಟು ಬಿತ್ತು. ಆಗ ನನ್ನ ಕಡೆ ನೋಡಿ, ‘ಸೀರಿ, ಮಣಿಕಟ್ಟು ಹಿಡ್ಕೋ’ ಅಂದ. ನನಗೆ ಹದಿನೇಳು. ಹಿಡ್ಕೊಂಡೆ. ಎರಡೂ ಕೈಯಲ್ಲಿ ಒತ್ತಿ ಹಿಡ್ಕೊಂಡೆ. ನಾಲ್ಕು ಏಟು. ಮೂಳೆ ಮುರಿಯೋದು ನನ್ನ ಬೆರಳಿಗೆ ಗೊತ್ತಾಗ್ತಿತ್ತು. ಆಮೇಲೆ ಎದ್ದು, ಆ ಕೈಯನ್ನ ಹಾಗೇ ತೂಗಾಡಿಸ್ಕೊಂಡು ಒಳಗೆ ಹೋಗಿ ಗುಡ್‌ಸೆಲ್ ಮುಂದೆ ಮೇಜಿನ ಮೇಲಿಟ್ಟ. ‘ತಗೊಂಡು ಹೋಗಿ, ಇದೇ ತಾನೇ ಬೇಕಾಗಿದ್ದು’ ಅಂದ.”

ರಾಯ್ಸ್‌ಗೂ ಇದು ಗೊತ್ತಿರಲಿಲ್ಲ ಎಂಬುದು ಅವನ ಮುಖದಿಂದ ತಿಳಿಯುತ್ತಿತ್ತು. ಅವನು ತನ್ನ ಬಲಗೈಯನ್ನು ಮೇಜಿನ ಕೆಳಗೆ ಸರಿಸಿದ.

ಸೆಸಿಲ್ ಬಾಗಿಲಲ್ಲಿ ಕಾಣಿಸಿಕೊಂಡ. ಒಮ್ಮೆ ರಾಯ್ಸ್‌ನನ್ನು ನೋಡಿ, ಮುಖ ಬೇರೆ ಕಡೆ ತಿರುಗಿಸಿ ಹೇಳಿದ: “ಗುಂಡಿ ಆಯ್ತಂತೆ. ನಡೀರಿ, ಹೊತ್ತಾಗತ್ತೆ.”

* * *

ಗಾಳಿ ಮುಖ ಕೊಯ್ಯುತ್ತಿತ್ತು. ಗುಂಡಿಯ ಸುತ್ತ ಕಾದ ಮಣ್ಣು ಕರಗಿ ಕೆಸರಾಗಿ, ಮತ್ತೆ ಅಂಚಿನಲ್ಲಿ ಹೆಪ್ಪುಗಟ್ಟುತ್ತಿತ್ತು. ಅಧ್ಯಕ್ಷೆ ಗುಡ್‌ಸೆಲ್‌ನನ್ನು ಮನೆಗೆ ಕಳಿಸಿ, ಒಬ್ಬರೇ ಹಿಂತಿರುಗಿ ಬಂದು ಮರದ ಕೆಳಗೆ ನಿಂತರು. ಬಾಯ್ಲರ್ ಮನೆಯವರು ಪೆಟ್ಟಿಗೆಯನ್ನು ಗುಂಡಿಯ ಮೇಲಿನ ಪಟ್ಟಿಗಳ ಮೇಲೆ ಇಳಿಸಿದರು. ಬರಿಯ ಪೈನ್ ಹಲಗೆಯ ಪೆಟ್ಟಿಗೆ, ಬಣ್ಣವಿಲ್ಲ.

ಪಾದ್ರಿ ಮಣ್ಣಿನಿಂದ ಮಣ್ಣಿಗೆ ಎಂದು ಹೇಳಿ ಮುಗಿಸಿದರು. ಒಬ್ಬೊಬ್ಬರೇ ಬಂದು ಪೆಟ್ಟಿಗೆಯನ್ನು ಮುಟ್ಟಿ ಸರಿದರು. ಕೊನೆಗೆ ರಾಯ್ಸ್ ಬಂದ. ಟೋಪಿ ತೆಗೆದು ಹಿಮದ ಮೇಲೆ ಹಾಕಿದ. ಪೆಟ್ಟಿಗೆಯ ಬಲಗಡೆ ನಿಂತ.

“ಎರಡು ವರ್ಷ ಕಾದೆ ಕಣೋ,” ಎಂದ. “ಎರಡು ಏಪ್ರಿಲು. ಅಂಗಳಕ್ಕೆ ಬಂದು ಬಂದು ನೋಡ್ದೆ. ಕಾಯಿಲೆ ಅಂತ ಒಂದು ಕಾಗದ ಹಾಕೋಕೆ ಏನಾಗಿತ್ತೋ ನಿನಗೆ? ನಾನೇ ಬರ್ತಿರಲಿಲ್ವೇನೋ?”

ಮುಷ್ಟಿ ಎತ್ತಿ ಮುಚ್ಚಳದ ಮೇಲೆ ಗುದ್ದಿದ. ಹಲಗೆ ಗುಂಡಿಯ ಟೊಳ್ಳಿಗೆ ಮದ್ದಳೆಯ ಹಾಗೆ ಮೊಳಗಿತು. ಹೆಂಗಸೊಬ್ಬಳು ಹೌಹಾರಿದಳು. ಮತ್ತೆ ಗುದ್ದಿದ.

“ಮರಿ ಅಡ್ಡ ಸಿಕ್ಕೊಂಡ್ರೆ ಯಾರನ್ನ ಕರೀಲೋ ನಾನು? ಹೇಳೋ!”

ಸೆಸಿಲ್ ಮುಂದೆ ನುಗ್ಗಿದ. ಐಲಿ ತೋಳು ಅಡ್ಡ ಹಿಡಿದು ಅವನ ಎದೆಗೆ ತಡೆಯೊಡ್ಡಿದಳು. “ಬಿಡು ಸೆಸಿಲ್ ಮಾಮ.”

“ಹುಚ್ಚು ಹಿಡಿದಿದೆ ಅವನಿಗೆ! ಪೆಟ್ಟಿಗೆ ಒಡೀತಾನೆ!”

“ಬಿಡು ಅಂದೆ. ಅವರಿಬ್ಬರದು ಅದು.”

ರಾಯ್ಸ್ ಹೊಡೆಯುತ್ತಲೇ ಇದ್ದ. ಅರವತ್ತೊಂಬತ್ತರ ಮೈ, ಪ್ರತಿ ಏಟಿಗೂ ಮೊಣಕಾಲು ಕುಸಿಯುತ್ತಿತ್ತು. ಗೆಣ್ಣುಗಳ ಚರ್ಮ ಕಿತ್ತು ಹಸಿ ಹಲಗೆಯ ಮೇಲೆ ಕೆಂಪು ಗುರುತುಗಳು ಮೂಡಿದವು. ಕೊನೆಗೆ ಕೈ ಮೇಲೇಳದಾಯಿತು. ಅವನು ಹಣೆಯನ್ನು ಮುಚ್ಚಳಕ್ಕೆ ಆನಿಸಿ, ಬಾಯಿ ತೆರೆದುಕೊಂಡು, ಸದ್ದಿಲ್ಲದೆ ಅಳತೊಡಗಿದ.

ಐಲಿ ಅವನ ಪಕ್ಕ ಮೊಣಕಾಲೂರಿದಳು. ಆ ಕೈ ಆಗಲೇ ಊದಿಕೊಳ್ಳುತ್ತಿತ್ತು, ಬೆರಳುಗಳು ಬಿಚ್ಚಿಕೊಳ್ಳುತ್ತಿರಲಿಲ್ಲ. ಅವಳು ನೆಲದಿಂದ ಶುಭ್ರವಾದ ಹಿಮವನ್ನು ಬೊಗಸೆಯಲ್ಲಿ ತೆಗೆದು, ಅವನ ಮುಷ್ಟಿಯ ಸುತ್ತ ಒತ್ತಿ, ತನ್ನ ಎರಡೂ ಅಂಗೈಗಳಿಂದ ಬಿಗಿಯಾಗಿ ಮುಚ್ಚಿ ಹಿಡಿದಳು. ಸ್ವಲ್ಪ ಹೊತ್ತಿಗೆ ಅವಳ ಬೆರಳ ಸಂದಿಯಿಂದ ನಸುಗೆಂಪು ನೀರು ಇಳಿಯತೊಡಗಿತು. ಅದು ಹಲಗೆಯ ಅಂಚಿಗೆ ಹರಿದು, ಅಲ್ಲಿ ಒಂದು ಕ್ಷಣ ನಿಂತು, ಹನಿಹನಿಯಾಗಿ ಗುಂಡಿಯೊಳಗೆ ಬೀಳುತ್ತಿತ್ತು.